ವರ್ಗಾವಣೆ ಆದ ಮೇಲೂ ಉಳಿಯುವ ಪಾಠ: ಜಿಲ್ಲೆಯ ಶಿಕ್ಷಕರು ಸೇರಿ ಆನ್‌ಲೈನ್ ಕಲಿಕಾ ಸಾಮಗ್ರಿ ಮಾಡಿ ಹಂಚಿಕೊಳ್ಳುವುದು ಹೇಗೆ

ಜೂನ್ ಬಂತೆಂದರೆ ವಿಜ್ಞಾನ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಮಾತು. "ಸರ್, 8ನೇ ಕ್ಲಾಸಿನ ಪಾಠ ಯೋಜನೆ ಇದ್ರೆ ಕಳ್ಸಿ." "ಮೇಡಂ, ಹೋದ ವರ್ಷದ ಪ್ರಶ್ನಕೋಠಿ ಯಾರ ಹತ್ರ ಇದೆ?" ಯಾರೋ ಪುಣ್ಯಾತ್ಮರು ಒಂದು ಫೈಲ್ ಹಾಕುತ್ತಾರೆ. ತೆರೆದರೆ ಅಕ್ಷರವೆಲ್ಲ ಚಿತ್ರಾನ್ನ. ಇನ್ನೊಬ್ಬರು ಹಾಕಿದ್ದು ಮೂರು ವರ್ಷ ಹಳೆಯದು, ಆ ಪಾಠವೇ ಈಗಿನ ಪುಸ್ತಕದಲ್ಲಿ ಇಲ್ಲ. ಕೊನೆಗೆ ಎಲ್ಲರೂ ಅವರವರ ಪಾಡಿಗೆ ಮತ್ತೆ ಮೊದಲಿಂದ ಬರೆಯುತ್ತಾರೆ.

ಜಿಲ್ಲೆಯಲ್ಲಿ ಒಳ್ಳೆ ಸಾಮಗ್ರಿ ಇಲ್ಲ ಅಂತಲ್ಲ. ಬೇಕಾದಷ್ಟಿದೆ. ಅದು ಒಬ್ಬೊಬ್ಬರ ಪೆನ್‌ಡ್ರೈವ್‌ನಲ್ಲಿದೆ, ಅಷ್ಟೇ. ನನಗೆ ಬುದ್ಧಿ ಬಂದಿದ್ದು ಒಂದು ಅವಾಂತರದಿಂದ. ಹಲವು ವರ್ಷ ಕೂಡಿಸಿದ್ದ ಫೈಲುಗಳೆಲ್ಲ ಒಬ್ಬ ಮೇಷ್ಟ್ರ ಸ್ವಂತ ಗೂಗಲ್ ಡ್ರೈವ್‌ನಲ್ಲಿದ್ದವು. ಅವರು ನಿವೃತ್ತರಾದರು. ಉಚಿತ ಖಾತೆಯ 15 ಜಿಬಿ ತುಂಬಿತ್ತು. ಮೊಮ್ಮಗಳ ಫೋಟೋಗಳಿಗೆ ಜಾಗ ಬೇಕಿತ್ತು, ಇದನ್ನು ಅಳಿಸಿದರು. ಅವರದೇನೂ ತಪ್ಪಿಲ್ಲ, ಖಾತೆ ಅವರದ್ದು ತಾನೇ! ಅಳಿಸಿದ ಫೈಲ್ ಕಸದ ಬುಟ್ಟಿಯಲ್ಲಿ ಇರುವುದು 30 ದಿನ. ನಮಗೆ ಗೊತ್ತಾಗುವಷ್ಟರಲ್ಲಿ ದಸರಾ ರಜೆ ಮುಗಿದಿತ್ತು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸಾಮಗ್ರಿ ಮಾಡುವುದಕ್ಕಿಂತ ಅದನ್ನು ಕಾಪಾಡಿ ಇಡುವ ಮಾತೇ ಜಾಸ್ತಿ. ನಾನು ಹೇಳುವುದು ಪ್ರೌಢಶಾಲೆಯ ವಿಜ್ಞಾನದ ಲೆಕ್ಕದಲ್ಲಿ. ಬೇರೆ ವಿಷಯದವರು ತಮಗೆ ಬೇಕಾದಂತೆ ಬದಲಿಸಿಕೊಳ್ಳಿ.

ಹೆಜ್ಜೆ 1: ಚಿಕ್ಕದಾಗಿ ಹಿಡಿಯಿರಿ

ಮೊದಲ ಸಭೆಯಲ್ಲಿ ಎಲ್ಲರಿಗೂ ಹುಮ್ಮಸ್ಸು. 8, 9, 10, ಎಲ್ಲಾ ವಿಷಯ, ಎರಡೂ ಮಾಧ್ಯಮ, ಜೊತೆಗೆ ವಿಡಿಯೋ. ಬೇಡ. ಒಂದು ತರಗತಿ, ಒಂದು ವಿಷಯ, ಪುಸ್ತಕದ ಮೊದಲ ಭಾಗ. ಅಷ್ಟೇ ಹಿಡಿಯಿರಿ. ಆರು ತಿಂಗಳಲ್ಲಿ ಎಂಟು ಪಾಠ ಗಟ್ಟಿಯಾಗಿ ಮುಗಿದರೆ ಮುಂದಿನದಕ್ಕೆ ಜನ ತಾನಾಗೇ ಬರುತ್ತಾರೆ.

ಇಲ್ಲಿ "ಜಿಲ್ಲೆ" ಅಂದರೆ ಶೈಕ್ಷಣಿಕ ಜಿಲ್ಲೆ. ಚಿಕ್ಕೋಡಿ, ಮಧುಗಿರಿ, ಶಿರಸಿ ಇವು ಕಂದಾಯ ಜಿಲ್ಲೆ ಅಲ್ಲದಿದ್ದರೂ ಶಿಕ್ಷಣ ಇಲಾಖೆಗೆ ಬೇರೆ ಜಿಲ್ಲೆಗಳೇ. ನಿಮ್ಮ ಉಪನಿರ್ದೇಶಕರ ಕಚೇರಿ ಮತ್ತು ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಮೊದಲೇ ಒಂದು ಪತ್ರ ಕೊಟ್ಟಿಡಿ. ಅನುಮತಿಗಿಂತ ಜಾಸ್ತಿ ಅದು ಮುಂದೆ ಉಪಯೋಗಕ್ಕೆ ಬರುವ ದಾಖಲೆ. ನಾಳೆ ಖಾತೆ, ಪಾಸ್‌ವರ್ಡ್, ಮುದ್ರಣ ಅಂತ ಬಂದಾಗ "ಇದು ಯಾರ ಕೆಲಸ?" ಎಂಬ ಪ್ರಶ್ನೆಗೆ ಉತ್ತರ ಕೈಯಲ್ಲಿರುತ್ತದೆ.

ಹೆಜ್ಜೆ 2: ಮೂರು ಕೆಲಸ, ಮೂರು ಕೈ

ಬರೆಯುವವರು, ನೋಡುವವರು, ಜೋಡಿಸಿಡುವವರು. ಈ ಮೂರನ್ನೂ ಒಬ್ಬರ ಮೇಲೆ ಹೇರಬೇಡಿ. ಬರೆಯುವವರು ಸಿಗುತ್ತಾರೆ. ನೋಡಿ ತಿದ್ದುವವರೂ ಡಯಟ್‌ನಲ್ಲೋ ಹಿರಿಯ ಶಿಕ್ಷಕರಲ್ಲೋ ಸಿಗುತ್ತಾರೆ. ಸಿಗದೇ ಇರುವುದು ಜೋಡಿಸಿಡುವವರು. ಫೈಲಿಗೆ ಹೆಸರಿಡುವುದು, ಪಟ್ಟಿಯಲ್ಲಿ ಬರೆಯುವುದು, ಹಳೆಯದನ್ನು ತೆಗೆಯುವುದು. ಹೆಸರು ಬರದ ಕೆಲಸ. ಮನೆಯಲ್ಲಿ ಮಸಾಲೆ ಡಬ್ಬಿಗೆ ಚೀಟಿ ಅಂಟಿಸುವ ಸ್ವಭಾವದವರನ್ನು ಹುಡುಕಿ ಈ ಕೆಲಸ ಕೊಡಿ. ಒಬ್ಬರಲ್ಲ, ಇಬ್ಬರಿಗೆ ಕೊಡಿ. ವರ್ಗಾವಣೆ ಕೌನ್ಸೆಲಿಂಗ್ ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು.

ಹೆಜ್ಜೆ 3: ಹೆಸರು ಬೇಡ, ನಂಬರ್ ಕೊಡಿ

"ವಿಜ್ಞಾನ ಪಾಠ ಫೈನಲ್", "ಫೈನಲ್ ಹೊಸದು", "ಫೈನಲ್ ಹೊಸದು ತಿದ್ದಿದ್ದು". ಇದನ್ನು ನೋಡದ ಶಿಕ್ಷಕರು ಇದ್ದಾರಾ? ಕನ್ನಡದಲ್ಲಿ ಫೈಲ್ ಹೆಸರಿಟ್ಟರೆ ಇನ್ನೊಂದು ತೊಂದರೆ. ಜಿಪ್ ಮಾಡಿ ಹಳೆಯ ಕಂಪ್ಯೂಟರಿನಲ್ಲಿ ಬಿಚ್ಚಿದಾಗ ಹೆಸರುಗಳು ಕೆಲವೊಮ್ಮೆ ಕೆಟ್ಟುಹೋಗುತ್ತವೆ. ಇಂಗ್ಲಿಷಿನಲ್ಲಿ ಇಟ್ಟರೆ ಒಂದೊಂದು ಪದವನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ.

ನಾವು ಕಂಡುಕೊಂಡ ದಾರಿ ಬರೀ ಅಂಕಿ. ಹಾಲ್ ಟಿಕೆಟ್ ನಂಬರ್ ಇದ್ದ ಹಾಗೆ. ಮೊದಲು ತರಗತಿ, ಆಮೇಲೆ ವಿಷಯ, ಆಮೇಲೆ ಪರಿಕಲ್ಪನೆಯ ಸಂಖ್ಯೆ, ಕೊನೆಗೆ ಎಷ್ಟನೇ ಆವೃತ್ತಿ. 08-3-14-02 ಅಂದರೆ 8ನೇ ತರಗತಿ, ವಿಷಯ 3 ಅಂದರೆ ವಿಜ್ಞಾನ, 14ನೇ ಪರಿಕಲ್ಪನೆ ಅಂದರೆ ಘರ್ಷಣೆ, ಎರಡನೇ ಆವೃತ್ತಿ. ವಿಷಯ ಬಿಟ್ಟು ಉಳಿದ ಕಡೆ ಒಂದಂಕಿ ಬಂದರೆ ಅದರ ಎಡಕ್ಕೆ ಸೊನ್ನೆ ಹಾಕಿ. ಇಲ್ಲದಿದ್ದರೆ ಕಂಪ್ಯೂಟರ್ 10 ಅನ್ನು 2ರ ಮೊದಲೇ ತಂದು ನಿಲ್ಲಿಸಬಹುದು.

ಇಲ್ಲಿ ಒಂದು ಮುಖ್ಯ ವಿಚಾರ. ಆ 14 ಪುಸ್ತಕದ ಪಾಠದ ಸಂಖ್ಯೆ ಅಲ್ಲ. ನಾವೇ ಕೊಟ್ಟ ಕ್ರಮಸಂಖ್ಯೆ. ಯಾಕೆಂದರೆ ಪುಸ್ತಕ ಬದಲಾಗುತ್ತಲೇ ಇರುತ್ತದೆ. 2022ರ ಪರಿಷ್ಕರಣೆಯ ಗಲಾಟೆ ನೆನಪಿದೆ ಅಲ್ವಾ? ಮರುವರ್ಷವೇ, 2023ರ ಜೂನ್‌ನಲ್ಲಿ, 6ರಿಂದ 10ನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನದ ಕೆಲವು ಪಾಠಗಳನ್ನು ಮತ್ತೆ ಬದಲಿಸಲಾಯಿತು. ನಮ್ಮ ಪ್ರೌಢಶಾಲೆಯ ಗಣಿತ, ವಿಜ್ಞಾನ ಪುಸ್ತಕಗಳು ಬಂದಿರುವುದು ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ ಪುಸ್ತಕಗಳಿಂದ. ಅಲ್ಲಿಯೂ 2023ರ ಪಠ್ಯಕ್ರಮ ಚೌಕಟ್ಟಿನ ಮೇಲೆ ಹೊಸ ಪುಸ್ತಕಗಳು ಬರುತ್ತಿವೆ. ಪಾಠದ ಸಂಖ್ಯೆಯನ್ನೇ ಫೈಲ್ ಹೆಸರಿಗೆ ಅಂಟಿಸಿದರೆ ಪುಸ್ತಕ ಬದಲಾದ ದಿನ ಇಡೀ ಕಪಾಟು ತಲೆಕೆಳಗು.

ಪುಸ್ತಕಕ್ಕೂ ನಿಮ್ಮ ನಂಬರಿಗೂ ಕೊಂಡಿ ಹಾಕಲು ಒಂದು ಶೀಟ್ ಸಾಕು. ಒಂದು ಕಾಲಂನಲ್ಲಿ ನಂಬರ್, ಪಕ್ಕದಲ್ಲಿ ಕನ್ನಡದ ಶೀರ್ಷಿಕೆ, ಕಲಿಕಾ ಫಲ, ಈ ವರ್ಷದ ಪುಸ್ತಕದಲ್ಲಿ ಎಷ್ಟನೇ ಪಾಠ, ಬರೆದವರು, ನೋಡಿದವರು, ತಾರೀಖು. ಪುಸ್ತಕ ಬದಲಾದರೆ ಈ ಶೀಟಿನ ಒಂದೇ ಕಾಲಂ ತಿದ್ದಿದರೆ ಮುಗಿಯಿತು. ಘರ್ಷಣೆ ಎಲ್ಲಿ ಹೋದರೂ ಘರ್ಷಣೆಯೇ.

ಹೆಜ್ಜೆ 4: ಯೂನಿಕೋಡ್. ಇದರಲ್ಲಿ ರಾಜಿ ಇಲ್ಲ

ಅಕ್ಷರ ಚಿತ್ರಾನ್ನ ಆಗುವ ಕಥೆಗೆ ಬರೋಣ. ನಮ್ಮಲ್ಲಿ ಬಹಳ ಜನ ಟೈಪಿಂಗ್ ಕಲಿತಿದ್ದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ. ಅವುಗಳ ಹಳೆಯ ಫಾಂಟ್‌ಗಳು ಒಳಗೊಳಗೆ ಇಂಗ್ಲಿಷ್ ಅಕ್ಷರವನ್ನೇ ಇಟ್ಟುಕೊಂಡು ಮೇಲೆ ಕನ್ನಡದ ವೇಷ ಹಾಕಿಸುತ್ತಿದ್ದವು. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ವೇಷ ಕಳಚಿ ಬೀಳುತ್ತದೆ. ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡ್ ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತ ಕೊಡುವ ಪದ್ಧತಿ. ಕರ್ನಾಟಕ ಸರ್ಕಾರ ಅದನ್ನು ಶಿಷ್ಟತೆ ಅಂತ ಒಪ್ಪಿದ್ದು 2012ರಲ್ಲಿ. ಆದರೂ ಕಚೇರಿಯಿಂದ ಬರುವ ಎಷ್ಟೋ ಫೈಲ್ ಇವತ್ತಿಗೂ ಹಳೇ ಜಾಡಿನಲ್ಲೇ ಇವೆ.

ಹೊಸದಾಗಿ ಬರೆಯುವವರಿಗೆ ಸುಲಭ. ನುಡಿಯ ಕೀಲಿಮಣೆ ವಿನ್ಯಾಸವೇ ಬೇಕು ಅನ್ನುವವರು ಅದನ್ನೇ ಬಳಸಿ, ಆದರೆ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಿ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಸಾಕು. ಉಚಿತ, ಮೊಬೈಲಿನಲ್ಲೂ ಚೆನ್ನಾಗಿ ಕಾಣುತ್ತದೆ.

ಹಳೆಯ ಫೈಲುಗಳನ್ನು ಬದಲಿಸಲು ಉಚಿತ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಸುಮ್ನೆ ನಂಬಬೇಡಿ, ಒಮ್ಮೆ ಓದಿ. ಎರಡು ಜಾಗದಲ್ಲಿ ಕಣ್ಣಿಡಿ. ಒಂದು, ಅರ್ಕಾವತ್ತು. ಅದು ಕನ್ನಡದ ಒಂಬತ್ತರ ಹಾಗೇ ಕಾಣುತ್ತದೆ ಎಂದು ಎಷ್ಟೋ ಜನ ಒಂಬತ್ತನ್ನೇ ಒತ್ತಿರುತ್ತಾರೆ. "ಕಾರ್ಯ" ಇರಬೇಕಾದಲ್ಲಿ "ಕಾಯ೯" ಇರುತ್ತದೆ. ಎರಡು, ಅನುಸ್ವಾರ. "ಅಂಕ" ಬರೆಯುವಾಗ ಅನುಸ್ವಾರದ ಬದಲು ಸೊನ್ನೆ ಅಂಕಿ ಕೂತಿದ್ದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಕಂಪ್ಯೂಟರಿಗೆ ಅದು "ಅ೦ಕ", ಬೇರೆಯೇ ಪದ. ನೀವು "ಅಂಕ" ಅಂತ ಹುಡುಕಿದರೆ ಆ ಫೈಲ್ ಬರುವುದೇ ಇಲ್ಲ. ದೃಷ್ಟಿದೋಷ ಇರುವ ಮಕ್ಕಳಿಗೆ ಪಠ್ಯವನ್ನು ಓದಿ ಹೇಳುವ ತಂತ್ರಾಂಶವೂ ಇಲ್ಲಿ ತಡವರಿಸುತ್ತದೆ.

ಇದನ್ನು ಹಿಡಿಯಲು ಒಂದು ಉಪಾಯ ಇದೆ. ಫೈಲಿನಲ್ಲಿ ಕನ್ನಡದ ೯ ಮತ್ತು ೦ ಅಂಕಿಗಳನ್ನೇ ಹುಡುಕಿ. ನಾವು ಅಂಕಿಗಳನ್ನೆಲ್ಲ 1, 2, 3 ರೂಪದಲ್ಲೇ ಬರೆಯುವುದು ಅಂತ ನಿಯಮ ಮಾಡಿಕೊಂಡೆವು. ಆಗ ಕನ್ನಡ ಅಂಕಿ ಎಲ್ಲಿ ಸಿಕ್ಕರೂ ಅದು ತಪ್ಪೇ. ಹತ್ತು ನಿಮಿಷದಲ್ಲಿ ಒಂದು ಫೈಲ್ ಸ್ವಚ್ಛ.

ಇನ್ನೊಂದು. ಪಿಡಿಎಫ್ ಮಾತ್ರ ಇಡಬೇಡಿ. ಪಿಡಿಎಫ್‌ನಿಂದ ಕನ್ನಡ ನಕಲು ಮಾಡಿ ಅಂಟಿಸಿದರೆ ಒತ್ತಕ್ಷರಗಳು ದಿಕ್ಕಾಪಾಲು. ತಿದ್ದಬಲ್ಲ ಮೂಲ ಫೈಲ್ ಪಕ್ಕದಲ್ಲೇ ಇರಲಿ. ಇಲ್ಲದಿದ್ದರೆ ಒಂದು ಕಾಗುಣಿತ ಸರಿಮಾಡಲು ಮುಂದಿನವರು ಇಡೀ ಹಾಳೆ ಟೈಪ್ ಮಾಡಬೇಕು.

ಹೆಜ್ಜೆ 5: ಒಂದು ಪಾಠಕ್ಕೆ ಏನೇನು?

ಜಾಸ್ತಿ ಬೇಡ. ಶಿಕ್ಷಕರಿಗೆ ಒಂದು ಪುಟದ ಟಿಪ್ಪಣಿ, ಮಕ್ಕಳಿಗೆ ಒಂದು ಚಟುವಟಿಕೆ ಹಾಳೆ, ಐದಾರು ಪ್ರಶ್ನೆ. ವಿಡಿಯೋ ಬೇಕೇ ಬೇಕು ಅಂತೇನಿಲ್ಲ.

ಘರ್ಷಣೆಯನ್ನೇ ತೆಗೆದುಕೊಳ್ಳಿ. ನಮ್ಮ ತಂಡದ ಮೊದಲ ಕರಡಿನಲ್ಲಿ ವ್ಯಾಖ್ಯೆ, ವಿಧಗಳು, ಅನುಕೂಲ, ಅನನುಕೂಲ ಇದ್ದವು. ಪುಸ್ತಕದಲ್ಲೇ ಇರುವುದನ್ನು ಮತ್ತೆ ಬರೆದು ಏನು ಸುಖ? ಎರಡನೇ ಕರಡಿನಲ್ಲಿ ಕೇರಂ ಬೋರ್ಡ್ ಬಂತು. ಪೌಡರ್ ಹಾಕದೆ ಒಮ್ಮೆ, ಹಾಕಿ ಒಮ್ಮೆ ಸ್ಟ್ರೈಕರ್ ಹೊಡೆಯಿರಿ. ಎಷ್ಟು ದೂರ ಹೋಯಿತು, ಅಳೆಯಿರಿ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಯಾಕೆ ಹಾಕುತ್ತಾರೆ, ಮನೆಯಲ್ಲಿ ಅಜ್ಜನನ್ನು ಕೇಳಿ ಬನ್ನಿ. ಬೀಸುವ ಕಲ್ಲು ಸವೆದು ನುಣುಪಾದರೆ ಮತ್ತೆ ಕಚ್ಚು ಹಾಕಿಸುವುದು ಯಾಕೆ? ಈ ಕೊನೆಯ ಪ್ರಶ್ನೆ ಕೊಟ್ಟಿದ್ದು ಒಬ್ಬ ಮೇಡಂ. ಘರ್ಷಣೆ ಬೇಕಾಗಿಯೂ ಇರುತ್ತದೆ ಎಂದು ಹೇಳಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಇನ್ನೂ ಸಿಕ್ಕಿಲ್ಲ. ಜಿಲ್ಲೆಯವರೇ ಕೂತು ಬರೆಯುವುದರ ಲಾಭ ಇದು. ದೆಹಲಿಯಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ನಿಮ್ಮ ಊರಿನ ಬೀಸುಕಲ್ಲು ಹೊಳೆಯುವುದು ಕಷ್ಟ.

ಕೈಯಿಂದ ಮಾಡಲಾಗದ ಪ್ರಯೋಗಕ್ಕೆ ಫೆಟ್ ಸಿಮ್ಯುಲೇಷನ್‌ಗಳಿವೆ, ಅಂದರೆ ಕಂಪ್ಯೂಟರ್ ತೆರೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಯೋಜನೆ ಅದು. ಕೆಲವು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ನಡೆಯುತ್ತವೆ. ಗಣಿತದವರಿಗೆ ಆಕೃತಿ ಬರೆದು ನೋಡುವ ಜಿಯೋಜೀಬ್ರಾ ತಂತ್ರಾಂಶ ಇದ್ದೇ ಇದೆ.

ವಿಡಿಯೋ ಮಾಡುವುದಾದರೆ ಮೂರ್ನಾಲ್ಕು ನಿಮಿಷ, 480ಪಿ ಗುಣಮಟ್ಟ ಸಾಕು. ಮುಖ ತೋರಿಸುವ ಅಗತ್ಯವಿಲ್ಲ, ಕೈ ಮತ್ತು ಸಾಮಾನು ಕಂಡರೆ ಸಾಕು. ಫ್ಯಾನ್ ಆರಿಸಿ. ನಿಜ, ಅದೊಂದೇ ಸಲಹೆಯಿಂದ ಅರ್ಧ ವಿಡಿಯೋಗಳು ಉದ್ಧಾರ ಆಗುತ್ತವೆ.

ಹಾಳೆ ತಯಾರಾದ ಮೇಲೆ ಊರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ತೆಗೆಸಿ ನೋಡಿ. "ಕೆಂಪು ಬಾಣ ನೋಡಿ" ಅಂತ ಬರೆದಿದ್ದರೆ ಅಲ್ಲಿ ಎಲ್ಲವೂ ಬೂದು. ಬಣ್ಣದ ಬದಲು ಗೆರೆ, ಚುಕ್ಕೆ, ಅ-ಆ-ಇ ಬಳಸಿ.

ಹೆಜ್ಜೆ 6: ಇದು ಯಾರದ್ದು?

ಈ ಪ್ರಶ್ನೆ ಕೇಳಿದರೆ ಸ್ಟಾಫ್‌ರೂಮಿನಲ್ಲಿ ಎಲ್ಲರೂ ನಗುತ್ತಾರೆ. ಆದರೆ ತರಗತಿಯಲ್ಲಿ ತೋರಿಸುವುದೇ ಬೇರೆ, ಆನ್‌ಲೈನ್ ಹಾಕುವುದೇ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಪಾಠ ಹೇಳುವಾಗ ಶಿಕ್ಷಕರಿಗೆ ಒಂದಿಷ್ಟು ಸಡಿಲ ಕೊಟ್ಟಿದೆ. ಗೈಡಿನ ಪುಟ ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಏರಿಸಿದರೆ ಆ ಸಡಿಲ ನೆರವಿಗೆ ಬರುತ್ತದೆ ಎಂದುಕೊಳ್ಳಬೇಡಿ. ಪಠ್ಯಪುಸ್ತಕ ಉಚಿತವಾಗಿ ಸಿಗುತ್ತದೆ, ಸರಿ. ಹಾಗೆಂದು ಅದನ್ನು ನಮ್ಮದೆಂದು ಮರುಪ್ರಕಟಿಸುವ ಹಕ್ಕು ಬರುವುದಿಲ್ಲ. ಪುಟಸಂಖ್ಯೆ ಹೇಳಿ, ಪುಟವನ್ನೇ ಅಂಟಿಸಬೇಡಿ.

ಕನ್ನಡ ಮೇಷ್ಟ್ರುಗಳಿಗೆ ಇದು ಇನ್ನೂ ಮುಖ್ಯ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ. ಕುವೆಂಪು ಹೋಗಿದ್ದು 1994ರಲ್ಲಿ, ಅಂದರೆ 2054ರ ಕೊನೆವರೆಗೆ. ಬೇಂದ್ರೆ 1981ರಲ್ಲಿ, ಅಂದರೆ 2041ರ ಕೊನೆವರೆಗೆ. ಇಡೀ ಪದ್ಯ ಏರಿಸುವ ಮೊದಲು ಯೋಚಿಸಿ. ವಚನ, ಕುಮಾರವ್ಯಾಸ, ಸರ್ವಜ್ಞ ಎಲ್ಲರ ಆಸ್ತಿ. ಅದಕ್ಕೆ ಇತ್ತೀಚಿನವರು ಬರೆದ ಟಿಪ್ಪಣಿ ಮಾತ್ರ ಅವರದ್ದು.

ಗೂಗಲ್‌ನಲ್ಲಿ ಸಿಕ್ಕ ಚಿತ್ರ ಯಾರದ್ದೋ ಆಗಿರುತ್ತದೆ. ಮುಕ್ತವಾಗಿ ಬಳಸಬಹುದಾದ ಚಿತ್ರಗಳಿರುವ ವಿಕಿಮೀಡಿಯ ಕಾಮನ್ಸ್‌ನಲ್ಲಿ ಹುಡುಕಿ, ತೆಗೆದವರ ಹೆಸರು ಕೆಳಗೆ ಹಾಕಿ. ಅದಕ್ಕಿಂತ ಚೆನ್ನ, ನೀವೇ ಫೋಟೋ ತೆಗೆಯಿರಿ. ಆದರೆ ಮಕ್ಕಳ ಮುಖ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಅಂತಿದೆ. ಕಾಯ್ದೆ ಇರಲಿ ಬಿಡಲಿ, ಹುಡುಗಿಯ ಮುಖ ಇರುವ ವಿಡಿಯೋ ಎಲ್ಲೆಲ್ಲಿ ಸುತ್ತುತ್ತದೆ ಎಂಬುದು ನಮ್ಮ ಕೈಲಿಲ್ಲ.

ನಿಮ್ಮ ಸಾಮಗ್ರಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿ. ನಾನು ಹೇಳುವುದು ಸಿಸಿ ಬೈ-ಎಸ್‌ಎ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಆದರೆ ನಿಮ್ಮ ಹೆಸರು ಹೇಳಬೇಕು ಮತ್ತು ತಾವು ತಿದ್ದಿದ್ದನ್ನೂ ಅದೇ ಷರತ್ತಿನಲ್ಲಿ ಬಿಡಬೇಕು. ವಿಕಿಪೀಡಿಯದ ಪಠ್ಯ ಇರುವುದೂ ಇದರಲ್ಲೇ. ಇಂಗ್ಲಿಷಿನ ಸಾಮಗ್ರಿ ಅನುವಾದಿಸುವಾಗ ಅದರ ಪರವಾನಗಿಯಲ್ಲಿ "ಎನ್‌ಡಿ" ಇದೆಯಾ ನೋಡಿ. ಇದ್ದರೆ ಮಾರ್ಪಾಡು ಮಾಡಿದ್ದನ್ನು ಹಂಚಲು ಅವಕಾಶವಿಲ್ಲ. ಅನುವಾದವೂ ಮಾರ್ಪಾಡೇ. ಕಾಸರಗೋಡಿನಲ್ಲಿ, ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಯಲ್ಲಿ ಕನ್ನಡ ಮಾಧ್ಯಮ ಶಾಲೆಗಳಿವೆ. ಪಠ್ಯಕ್ರಮ ಬೇರೆ, ಮಕ್ಕಳ ಭಾಷೆ ಒಂದೇ. ನೀವು ಒಂದು ಸಾಲು ಪರವಾನಗಿ ಬರೆದರೆ ಅಲ್ಲಿಯವರು ಯಾರನ್ನೂ ಕೇಳದೆ ತಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು.

ಹೆಜ್ಜೆ 7: ಎರಡು ಜೊತೆ ಕಣ್ಣು

ಒಬ್ಬರು ವಿಷಯ ನೋಡಲಿ, ಇನ್ನೊಬ್ಬರು ಭಾಷೆ. ಭಾಷೆ ನೋಡುವವರು ಬೇರೆ ವಿಷಯದವರಾದರೆ ಇನ್ನೂ ಒಳ್ಳೆಯದು. ಅವರಿಗೆ ಅರ್ಥವಾಗದ್ದು ಮಕ್ಕಳಿಗೂ ಆಗುವುದಿಲ್ಲ. ಪಾರಿಭಾಷಿಕ ಪದದ ಜಗಳ ಶುರುವಾದರೆ ಪಠ್ಯಪುಸ್ತಕದಲ್ಲಿ ಏನಿದೆಯೋ ಅದೇ. ನಿಮಗೆ ಇನ್ನೂ ಚೆಂದದ ಪದ ಗೊತ್ತಿರಬಹುದು. ಪರೀಕ್ಷೆಯಲ್ಲಿ ಮಗುವಿಗೆ ಬರುವುದು ಪುಸ್ತಕದ ಪದ.

ಹೆಜ್ಜೆ 8: ಎಲ್ಲಿ ಇಡುವುದು?

ಮೂರು ದಾರಿ ಇವೆ. ಒಂದೊಂದಕ್ಕೂ ಅದರದೇ ಗುಣ, ಅದರದೇ ಕಾಟ.

ಡ್ರೈವ್ ಎಲ್ಲರಿಗೂ ಗೊತ್ತು. ಕರಡು ಬರೆಯಲು, ಒಟ್ಟಿಗೆ ತಿದ್ದಲು ಅದಕ್ಕಿಂತ ಸುಲಭದ್ದಿಲ್ಲ. ಆದರೆ ಖಾತೆ ವ್ಯಕ್ತಿಯ ಹೆಸರಲ್ಲಿ ಬೇಡ. ತಂಡದ ಹೆಸರಲ್ಲಿ ತೆರೆಯಿರಿ. ಮರುಪಡೆಯುವ ಫೋನ್ ನಂಬರ್ ಕಚೇರಿಯದ್ದಾಗಿರಲಿ. ಎರಡು ವರ್ಷ ಮುಟ್ಟದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು, ಹಾಗಾಗಿ ಆಗಾಗ ಒಳಗೆ ಹೋಗಿ ಬನ್ನಿ. ಎಲ್ಲರಿಗೂ "ನೋಡುವ" ಅವಕಾಶ ಕೊಡಿ, "ತಿದ್ದುವ" ಅವಕಾಶ ಕೆಲವರಿಗೆ ಮಾತ್ರ. ಇಲ್ಲದಿದ್ದರೆ ಯಾರೋ ತಮ್ಮ ಶಾಲೆಯ ಹೆಸರು ಹಾಕಿಕೊಳ್ಳಲು ಹೋಗಿ ಮೂಲವನ್ನೇ ಬದಲಿಸುತ್ತಾರೆ.

ಎರಡನೆಯದು ವಿಕಿ, ಅಂದರೆ ಹಲವರು ಸೇರಿ ಬರೆದು ತಿದ್ದುವ ಜಾಲತಾಣ. ಇದಕ್ಕೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು. ಶಿಕ್ಷಕರು "ಕೋಯರ್" ಅನ್ನುತ್ತಾರೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಶಿಕ್ಷಕರ ಕೈಯಲ್ಲೇ ಬರೆಸಿದ್ದು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವೇ ಅದರದ್ದೂ. ಯಾರು ಯಾವಾಗ ಏನು ತಿದ್ದಿದರು ಎಂಬ ಇತಿಹಾಸ ಉಳಿಯುತ್ತದೆ. ತಪ್ಪಾದರೆ ಹಿಂದಿನ ಪುಟಕ್ಕೆ ಹೋಗಬಹುದು. ವರ್ಗಾವಣೆಯ ಭಯಕ್ಕೆ ಇದಕ್ಕಿಂತ ಒಳ್ಳೆ ಔಷಧಿ ಇಲ್ಲ. ಕಾಟ ಏನೆಂದರೆ ವಿಕಿ ಬರವಣಿಗೆ ಕಲಿಯಲು ಒಂದು ದಿನದ ತರಬೇತಿ ಬೇಕು, ಆ ಒಂದು ದಿನ ಸಿಗುವುದು ಕಷ್ಟ.

ಮೂರನೆಯದು ದೀಕ್ಷಾ. 2017ರ ಸೆಪ್ಟೆಂಬರ್ 5ರಂದು ಶುರುವಾದ ರಾಷ್ಟ್ರೀಯ ವೇದಿಕೆ. ಪುಸ್ತಕದ ಪಾಠದ ಪಕ್ಕ ಇರುವ ಕ್ಯೂಆರ್ ಕೋಡ್ ಇದರದ್ದೇ. ಕ್ಯಾಮೆರಾ ಸರಿ ಇಲ್ಲದಿದ್ದರೆ ಕೋಡ್ ಜೊತೆ ಇರುವ ಆರು ಅಕ್ಷರ ಟೈಪ್ ಮಾಡಿದರೂ ಆಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ದೀಕ್ಷಾದಲ್ಲಿ ಯಾರು ಬೇಕಾದರೂ ನೇರ ಏರಿಸಲು ಆಗದು. ರಾಜ್ಯದ ಕಡೆಯಿಂದ ರಚನಾಕಾರರ ಹಕ್ಕು ಸಿಗಬೇಕು, ಡಯಟ್ ಮೂಲಕ ಕೇಳಿ. ರಚನಾಕಾರರು ಏರಿಸಿ ಪರಿಶೀಲನೆಗೆ ಕಳಿಸುತ್ತಾರೆ. ಪರಿಶೀಲಕರು ಪ್ರಕಟಿಸುತ್ತಾರೆ ಅಥವಾ ತಿದ್ದಲು ಹಿಂದಿರುಗಿಸುತ್ತಾರೆ. ಪಿಡಿಎಫ್, ಎಂಪಿ4 (ವಿಡಿಯೋ), ಇ-ಪಬ್ (ಇ-ಪುಸ್ತಕ), ಎಚ್5ಪಿ (ತೆರೆಯ ಮೇಲೆ ಒತ್ತಿ ಉತ್ತರಿಸುವ ಚಟುವಟಿಕೆ), ಯೂಟ್ಯೂಬ್ ಕೊಂಡಿ ಇವೆಲ್ಲ ನಡೆಯುತ್ತವೆ. ವಿಡಿಯೋವನ್ನು ಎಂಪಿ4 ರೂಪದಲ್ಲೇ ಹಾಕಿ. ಯೂಟ್ಯೂಬ್ ಕೊಂಡಿಗೆ ಪ್ರತಿ ಸಲವೂ ನೆಟ್ ಬೇಕು. ಎಂಪಿ4 ಇದ್ದರೆ ಮೊಬೈಲಿಗೆ ಒಮ್ಮೆ ಇಳಿಸಿಕೊಂಡು ಆಮೇಲೆ ನೆಟ್ ಇಲ್ಲದೆಯೂ ನೋಡಬಹುದು. ಮಲೆನಾಡಿನ ಶಾಲೆಗಳಿಗೆ ಇದೇ ದೊಡ್ಡ ವರ.

ನನ್ನ ಸಲಹೆ: ಕರಡಿಗೆ ಡ್ರೈವ್, ತಿದ್ದುತ್ತಾ ಬೆಳೆಸಲು ವಿಕಿ, ಪೂರ್ತಿ ಪಕ್ವವಾದದ್ದು ಮಾತ್ರ ದೀಕ್ಷಾಗೆ. ಯಾವುದನ್ನೇ ಆರಿಸಿ, ಮೂರು ತಿಂಗಳಿಗೊಮ್ಮೆ ಇಡೀ ಕಪಾಟಿನ ನಕಲನ್ನು ಒಂದು ಹಾರ್ಡ್‌ಡಿಸ್ಕ್‌ಗೆ ಇಳಿಸಿ ಡಯಟ್‌ನಲ್ಲಿಡಿ. ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ.

ಹೆಜ್ಜೆ 9: ಹಂಚುವುದು

ವಾಟ್ಸಾಪ್‌ನಲ್ಲಿ ಫೈಲ್ ಹಾಕಬೇಡಿ, ಕೊಂಡಿ ಹಾಕಿ. ಫೈಲ್ ಒಮ್ಮೆ ಹೋದರೆ ಹೋಯಿತು. ಅದರಲ್ಲಿರುವ ತಪ್ಪು ಮುಂದಿನ ಐದು ವರ್ಷ ಊರೂರು ಸುತ್ತುತ್ತದೆ. ಕೊಂಡಿಯಾದರೆ ನೀವು ತಿದ್ದಿದ ಕೂಡಲೇ ಎಲ್ಲರಿಗೂ ಹೊಸದೇ ಸಿಗುತ್ತದೆ. ಇದಕ್ಕಾಗಿ ಪ್ರತಿ ಆವೃತ್ತಿಯ ಫೈಲ್ ಕೊಂಡಿಯನ್ನು ಹಂಚದೆ, ಪಟ್ಟಿಯ ಶೀಟಿನ ಕೊಂಡಿ ಒಂದನ್ನೇ ಹಂಚಿ. ಅದರ ಕ್ಯೂಆರ್ ಕೋಡ್ ಮುದ್ರಿಸಿ ಪ್ರತಿ ಶಾಲೆಯ ಸ್ಟಾಫ್‌ರೂಮಿನ ವೇಳಾಪಟ್ಟಿ ಪಕ್ಕ ಅಂಟಿಸಿ. ಎಲ್ಲರೂ ದಿನಾ ನೋಡುವ ಜಾಗ ಅದೊಂದೇ.

ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಹತ್ತು ನಿಮಿಷ ಕೇಳಿಕೊಳ್ಳಿ. ಭಾಷಣ ಬೇಡ. ಒಂದು ಹಾಳೆ ತೆರೆದು ತೋರಿಸಿ, ಕೇರಂ ಸ್ಟ್ರೈಕರ್ ಹೊಡೆದು ತೋರಿಸಿ. ಆಮೇಲೆ "ನಿಮ್ಮ ಕ್ಲಾಸಿನಲ್ಲಿ ಮಾಡಿ ನೋಡಿ, ಏನು ಕೈಕೊಟ್ಟಿತು ಹೇಳಿ" ಅನ್ನಿ. "ಚೆನ್ನಾಗಿದೆ ಸರ್" ಅನ್ನುವ ಮಾತಿನಿಂದ ಪ್ರಯೋಜನವಿಲ್ಲ. "60 ಮಕ್ಕಳ ಕ್ಲಾಸಿನಲ್ಲಿ ಒಂದು ಕೇರಂ ಬೋರ್ಡ್ ಸಾಲಲ್ಲ" ಅಂತ ಒಬ್ಬರು ಬರೆದರು. ಅದರಿಂದ ಹಾಳೆ ಬದಲಾಯಿತು. ಈಗ ನೆಲದ ಮೇಲೆ, ಗೋಣಿಚೀಲದ ಮೇಲೆ ಬಳಪದ ಡಬ್ಬಿ ಜಾರಿಸುವ ಚಟುವಟಿಕೆ ಇದೆ. ಅದೇ 08-3-14-02.

ಹೆಜ್ಜೆ 10: ಏಪ್ರಿಲ್ ಮೊದಲ ವಾರ

ಪರೀಕ್ಷೆ ಮುಗಿದು ಫಲಿತಾಂಶ ಹೇಳುವ ಮೊದಲು ಅರ್ಧ ದಿನ ಸೇರಿ. ಪಟ್ಟಿ ತೆರೆಯಿರಿ. ಒಂದೊಂದೇ ಕೊಂಡಿ ಒತ್ತಿ, ತೆರೆಯದ್ದನ್ನು ಗುರುತು ಮಾಡಿ. ಹೊಸ ಪುಸ್ತಕ ಬರುವುದಿದ್ದರೆ ಪಾಠಸಂಖ್ಯೆಯ ಕಾಲಂ ತಿದ್ದಿ. ಹಳೆಯ ಆವೃತ್ತಿಗಳನ್ನು ಅಳಿಸಬೇಡಿ, "ಹಳೆಯದು" ಎಂಬ ಫೋಲ್ಡರಿಗೆ ತಳ್ಳಿ. ಆಮೇಲೆ ಪಾಸ್‌ವರ್ಡ್ ಬದಲಿಸಿ, ಮುಚ್ಚಿದ ಲಕೋಟೆಯಲ್ಲಿ ಡಯಟ್‌ಗೆ ಕೊಡಿ. ಯಾರು ಕೊಟ್ಟರು, ಯಾರು ತೆಗೆದುಕೊಂಡರು ಎಂದು ಸಭೆಯ ನಡಾವಳಿ ಪುಸ್ತಕದಲ್ಲಿ ಎರಡು ಸಹಿ ಹಾಕಿಸಿ. ಬೀಗದ ಕೈ ಹಸ್ತಾಂತರಿಸುವಾಗ ಚಾರ್ಜ್ ಲಿಸ್ಟ್ ಬರೆಯುತ್ತೇವಲ್ಲ, ಹಾಗೆ.